ವೇಗವರ್ಧಕ ಪರಿವರ್ತಕ ಮತ್ತು ಆಮ್ಲಜನಕ ಸಂವೇದಕ

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲಗಳನ್ನು ಹೊಗೆಕೊಳವೆಯೊಳಗೇ ನಿರಪಾಯಕಾರಿ ಅನಿಲಗಳಾಗಿ ಬದಲಿಸುವ ಸಾಧನ ವೇಗವರ್ಧಕ ಪರಿವರ್ತಕ. ಕ್ಯಾಟಲಿಟಿಕ್ ಕನ್ವರ್ಟರ್ ಎಂಬುದು ಇದರ ರೂಢಿಯ ಹೆಸರು. ಗ್ಯಾರೇಜುಗಳಲ್ಲಿ ಕ್ಯಾಟ್ ಕಾನ್ ಎಂದರೆ ಸಾಕು. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದೆಯೋ ಇಲ್ಲವೋ ಎಂದು ನೋಡಿ ಎಂಜಿನ್ನಿನ ಕಂಪ್ಯೂಟರಿಗೆ ವರದಿ ಮಾಡುವ, ಹೆಬ್ಬೆರಳಿನಷ್ಟೇ ಗಾತ್ರದ ಸಾಧನ ಆಮ್ಲಜನಕ ಸಂವೇದಕ. ಮೆಕ್ಯಾನಿಕ್‌ಗಳು ಇದನ್ನು ಓ-ಟು ಸೆನ್ಸರ್ ಎನ್ನುತ್ತಾರೆ, ಯೂರೋಪಿನವರು ಲ್ಯಾಂಬ್ಡಾ ಸೆನ್ಸರ್ ಎನ್ನುತ್ತಾರೆ. ಪರಿಸರದ ಪಠ್ಯಗಳು ಮೊದಲನೆಯದನ್ನು ಹಾಡಿ ಹೊಗಳಿ ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಇದು ಸರಿಯಲ್ಲ. ಸಂವೇದಕವಿಲ್ಲದೆ ಇಂದಿನ ಪರಿವರ್ತಕ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು.

ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಉರಿದ ಮೇಲೆ ಹೊರಬರುವುದರಲ್ಲಿ ಹೆಚ್ಚಿನ ಪಾಲು ಸಾರಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ವಿಷಕಾರಿಯಾದದ್ದು ಒಟ್ಟು ಹೊಗೆಯಲ್ಲಿ ಶೇಕಡ ಒಂದೆರಡರಷ್ಟು ಮಾತ್ರ, ಆದರೆ ಊರನ್ನು ಕೆಡಿಸಲು ಅಷ್ಟೇ ಸಾಕು. ಅದರಲ್ಲಿ ಮೂರು ಬಗೆ. ಅರೆಬರೆ ಉರಿದುದರ ಫಲವಾದ ಇಂಗಾಲದ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಉರಿಯದೆ ತಪ್ಪಿಸಿಕೊಂಡ ಇಂಧನದ ಚೂರುಗಳು ಹೈಡ್ರೋಕಾರ್ಬನ್‌ಗಳು. ಮೂರನೆಯದು ಇಂಧನದಿಂದ ಬಂದದ್ದೇ ಅಲ್ಲ: ಸಿಲಿಂಡರಿನೊಳಗಿನ ತೀವ್ರ ಶಾಖದಲ್ಲಿ, ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಗಾಳಿಯ ಸಾರಜನಕವೇ ಆಮ್ಲಜನಕದೊಂದಿಗೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ.

ಮೊದಲೆರಡನ್ನು ಸರಿಪಡಿಸಲು ಆಮ್ಲಜನಕವನ್ನು ಸೇರಿಸಬೇಕು, ಅಂದರೆ ಉತ್ಕರ್ಷಣ. ಮೂರನೆಯದನ್ನು ಸರಿಪಡಿಸಲು ಆಮ್ಲಜನಕವನ್ನು ಕಿತ್ತು ತೆಗೆಯಬೇಕು, ಅಂದರೆ ಅಪಕರ್ಷಣ. ಒಂದೇ ಡಬ್ಬಿಯಲ್ಲಿ, ಒಂದೇ ಗಳಿಗೆಯಲ್ಲಿ, ಎರಡೂ ಆಗಬೇಕು. ಈ ವಿಷಯದ ಗಂಟು ಇರುವುದು ಇಲ್ಲಿ.

ಲಾಸ್ ಏಂಜಲೀಸಿನ ಮಬ್ಬು

1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಕಂದು ಮಬ್ಬು ಕವಿಯತೊಡಗಿತು. ಲಂಡನ್ನಿನ ಕಲ್ಲಿದ್ದಲ ಹೊಗೆಗೂ ಇದಕ್ಕೂ ಹೋಲಿಕೆ ಇರಲಿಲ್ಲ. ಇದು ಬಿಸಿಲೇರಿದಷ್ಟೂ ಹೆಚ್ಚುತ್ತಿತ್ತು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸ್ ಹಣ್ಣಿನ ಪರಿಮಳದ ರಾಸಾಯನಿಕಗಳನ್ನು ಅಧ್ಯಯನ ಮಾಡುತ್ತಿದ್ದ ಡಚ್ ಮೂಲದ ಜೀವರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ ಅದೇ ವಿಧಾನಗಳನ್ನು ಊರಿನ ಗಾಳಿಗೆ ಪ್ರಯೋಗಿಸಿದರು. ಹೈಡ್ರೋಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಒಂದರೊಡನೊಂದು ವರ್ತಿಸಿ ಓಝೋನ್ ಹುಟ್ಟುತ್ತದೆಂದೂ ಅವುಗಳ ದೊಡ್ಡ ಮೂಲ ಮೋಟಾರು ವಾಹನಗಳೆಂದೂ 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಕಾರು ಕಂಪನಿಗಳು ಇದನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ.

ಪರಿವರ್ತಕದ ಮೊದಲ ರೂಪ ಆ ಹೊತ್ತಿಗಾಗಲೇ ಸಿದ್ಧವಾಗುತ್ತಿತ್ತು. ಕಚ್ಚಾ ತೈಲವನ್ನು ವೇಗವರ್ಧಕದ ನೆರವಿನಿಂದ ಒಡೆದು ಪೆಟ್ರೋಲ್ ತೆಗೆಯುವ ವಿಧಾನಕ್ಕೆ ಹೆಸರಾಗಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಊದ್ರಿ ಅಮೆರಿಕದಲ್ಲಿ ಆಕ್ಸಿ-ಕ್ಯಾಟಲಿಸ್ಟ್ ಎಂಬ ಕಂಪನಿ ಕಟ್ಟಿ ಹೊಗೆಶುದ್ಧಿಯ ಸಾಧನಗಳನ್ನು ತಯಾರಿಸಿದರು. 1956ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಗೋದಾಮು, ಗಣಿಗಳಂಥ ಮುಚ್ಚಿದ ಜಾಗಗಳಲ್ಲಿ ಓಡುವ ಯಂತ್ರಗಳಿಗೆ ಅವು ಒದಗಿದವು. ರಸ್ತೆಯ ಕಾರುಗಳಿಗೆ ಮಾತ್ರ ಒಗ್ಗಲಿಲ್ಲ. ಅದಕ್ಕೆ ಕಾರಣ ಪೆಟ್ರೋಲಿನಲ್ಲಿದ್ದ ಸೀಸ. ಎಂಜಿನ್ ಬಡಿತವನ್ನು ತಪ್ಪಿಸಲು 1920ರ ದಶಕದಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಟೆಟ್ರಾ ಈಥೈಲ್ ಸೀಸ ಉರಿದು, ಪರಿವರ್ತಕದಲ್ಲಿ ವೇಗವರ್ಧಕವಾಗಿದ್ದ ಪ್ಲಾಟಿನಂ ಮೇಲೆ ಲೇಪವಾಗಿ ಕೂತು, ಅದನ್ನು ನಿಷ್ಪ್ರಯೋಜಕ ಮಾಡಿಬಿಡುತ್ತಿತ್ತು.

ಅಮೆರಿಕದ 1970ರ ಶುದ್ಧ ಗಾಳಿ ಕಾಯಿದೆ ಈ ಬಿಕ್ಕಟ್ಟನ್ನು ಬಿಡಿಸಿತು. 1975ರ ಮಾದರಿಯ ಕಾರುಗಳಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಶೇಕಡ 90ರಷ್ಟು ಇಳಿಯಬೇಕೆಂದು ಅದು ಗುರಿ ಹಾಕಿತು. ಗಡುವು ಆಮೇಲೆ ಸಡಿಲವಾಯಿತಾದರೂ 1975ರ ಮಾದರಿಗಳಲ್ಲಿ ಬಹುಪಾಲಿಗೆ ಪರಿವರ್ತಕ ಬಂದೇ ಬಂತು. ಅದಕ್ಕಾಗಿ 1974ರ ಜುಲೈ ಹೊತ್ತಿಗೆ ದೊಡ್ಡ ಬಂಕುಗಳಲ್ಲೆಲ್ಲ ಸೀಸರಹಿತ ಪೆಟ್ರೋಲ್ ಸಿಗುವಂತೆ ಸರ್ಕಾರ ಆಜ್ಞೆ ಮಾಡಿತು. ಹೊಸ ಕಾರಿನ ಟ್ಯಾಂಕಿನ ಬಾಯಿಯನ್ನು ಕಿರಿದಾಗಿಸಿ, ಸೀಸವಿರುವ ಪೆಟ್ರೋಲಿನ ದಪ್ಪ ನಳಿಗೆ ಒಳಗೆ ಹೋಗದಂತೆ ಮಾಡಿದ್ದು ಆ ಕಾಲದ ಸರಳ ಜಾಣತನ. ಸೀಸ ಮಕ್ಕಳ ಮೆದುಳಿಗೆ ಮಾರಕವೆಂದು ವೈದ್ಯರು ಬಹುಕಾಲದಿಂದ ಹೇಳುತ್ತಲೇ ಇದ್ದರು. ಆದರೂ ಅದನ್ನು ಬಂಕಿನಿಂದ ಓಡಿಸುವಲ್ಲಿ ಮಗುವಿನ ಮೆದುಳಿಗಿಂತ ಪ್ಲಾಟಿನಂನ ಆರೋಗ್ಯವೇ ಹೆಚ್ಚು ಪ್ರಭಾವ ಬೀರಿದಂತೆ ತೋರುತ್ತದೆ. ಜಗತ್ತಿನ ಕೊನೆಯ ಸೀಸಭರಿತ ಪೆಟ್ರೋಲ್ ಮಾರಾಟ 2021ರಲ್ಲಿ ಅಲ್ಜೀರಿಯಾದಲ್ಲಿ ನಿಂತಿತು.

ಎರಡರಿಂದ ಮೂರಕ್ಕೆ

1975ರ ಪರಿವರ್ತಕಗಳು ಉತ್ಕರ್ಷಣವನ್ನಷ್ಟೇ ಮಾಡುತ್ತಿದ್ದವು. ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡಿ, ಹೈಡ್ರೋಕಾರ್ಬನ್ನನ್ನು ನೀರು ಮತ್ತು ಡೈಆಕ್ಸೈಡ್ ಮಾಡಿ, ಸಾರಜನಕದ ಆಕ್ಸೈಡುಗಳನ್ನು ಹಾಗೇ ಹೊರಗೆ ಬಿಡುತ್ತಿದ್ದವು. ಇವಕ್ಕೆ ದ್ವಿಮುಖ ಪರಿವರ್ತಕಗಳೆಂದು ಹೆಸರು. ಮೂರನ್ನೂ ಒಟ್ಟಿಗೆ ನಿಭಾಯಿಸುವ ತ್ರಿಮುಖ ವೇಗವರ್ಧಕವನ್ನು ಎಂಗಲ್‌ಹಾರ್ಡ್ ಕಂಪನಿಯ ಕಾರ್ಲ್ ಕೀತ್, ಜಾನ್ ಮೂನಿ ಮತ್ತು ಸಂಗಡಿಗರು 1970ರ ದಶಕದ ಮೊದಲ ಭಾಗದಲ್ಲಿ ರೂಪಿಸಿದರು. ಪ್ಲಾಟಿನಂ ಮತ್ತು ಪಲೇಡಿಯಂ ಉತ್ಕರ್ಷಣಕ್ಕೆ, ರೋಡಿಯಂ ಅಪಕರ್ಷಣಕ್ಕೆ ಎಂಬುದು ಸ್ಥೂಲವಾದ ಹಂಚಿಕೆ.

ರೋಡಿಯಂ ಮಾಡುವ ಕೆಲಸ ಚೊಕ್ಕಟವಾದದ್ದು. ನೈಟ್ರಿಕ್ ಆಕ್ಸೈಡಿನ ಅಣು ಅದರ ಮೇಲ್ಮೈಗೆ ಬಂದು ಕೂತೊಡನೆ ಸಾರಜನಕ ಒಂದು ಕಡೆ, ಆಮ್ಲಜನಕ ಇನ್ನೊಂದು ಕಡೆಯಾಗಿ ಮುರಿಯುತ್ತದೆ. ಪಕ್ಕಪಕ್ಕದ ಎರಡು ಸಾರಜನಕ ಪರಮಾಣುಗಳು ಕೂಡಿ ಸಾರಜನಕದ ಅಣುವಾಗಿ ಹಾರಿಹೋಗುತ್ತವೆ. ಹಿಂದುಳಿದ ಆಮ್ಲಜನಕವನ್ನು ಯಾರಾದರೂ ತೆಗೆದುಕೊಂಡು ಹೋಗದಿದ್ದರೆ ರೋಡಿಯಂ ಅದರಿಂದಲೇ ಮುಚ್ಚಿಹೋಗುತ್ತದೆ. ತೆಗೆದುಕೊಂಡು ಹೋಗುವುದು ಇಂಗಾಲದ ಮಾನಾಕ್ಸೈಡ್. ಒಂದು ವಿಷದಿಂದ ಇನ್ನೊಂದು ವಿಷವನ್ನು ತೀರಿಸುವ ಏರ್ಪಾಡು ಇದು. ಇದು ನಡೆಯಬೇಕಾದರೆ ಹೊಗೆಯಲ್ಲಿ ಎರಡೂ ಸರಿಯಾದ ಅಳತೆಯಲ್ಲಿರಬೇಕು. ಮುಕ್ತ ಆಮ್ಲಜನಕ ಹೆಚ್ಚಿದ್ದರೆ ಮಾನಾಕ್ಸೈಡ್ ಅದರೊಂದಿಗೇ ಕೂಡಿ ಮುಗಿದುಹೋಗುತ್ತದೆ, ನೈಟ್ರಿಕ್ ಆಕ್ಸೈಡ್ ಅನಾಥವಾಗುತ್ತದೆ. ಕಡಿಮೆಯಾದರೆ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳು ಉಳಿದುಬಿಡುತ್ತವೆ.

ಹಾಗಾಗಿ ಗಾಳಿ-ಇಂಧನದ ಅನುಪಾತ 14.7ರ ಅತಿ ಹತ್ತಿರ ನಿಲ್ಲಬೇಕು. ನಿಜವಾದ ಅನುಪಾತವನ್ನು ಆದರ್ಶ ಅನುಪಾತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಲ್ಯಾಂಬ್ಡಾ ಎಂದು ಹೆಸರು. ಅದು 1 ಆಗಿದ್ದರೆ ಸಮ, 1ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚಾದ ರಿಚ್ ಮಿಶ್ರಣ, ಹೆಚ್ಚಾದರೆ ಗಾಳಿ ಹೆಚ್ಚಾದ ಲೀನ್ ಮಿಶ್ರಣ. ಮೂರೂ ವಿಷಗಳು ಶೇಕಡ 90ಕ್ಕೂ ಮಿಕ್ಕಿ ಅಳಿಯುವ ಕಿಟಕಿ ಲ್ಯಾಂಬ್ಡಾ 1ರ ಆಚೀಚೆ ಶೇಕಡ ಒಂದರಷ್ಟೂ ಅಗಲವಿಲ್ಲ. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬ್ಯುರೇಟರ್ ಚಳಿ, ಸೆಕೆ, ಘಟ್ಟದ ಏರು, ಸಂತೆಯ ಟ್ರಾಫಿಕ್ಕು ಎಲ್ಲದರಲ್ಲೂ ಅಷ್ಟು ಕಟ್ಟುನಿಟ್ಟಾಗಿ ಇರಬಲ್ಲದೇ? ಆಗದ ಮಾತು. ಹೊಗೆಯನ್ನೇ ನೋಡುತ್ತ ಇಂಧನವನ್ನು ಕ್ಷಣಕ್ಷಣಕ್ಕೂ ತಿದ್ದುವ ಕಣ್ಣು ಬೇಕಿತ್ತು.

ಜಿರ್ಕೋನಿಯಾದ ಕಣ್ಣು

ಆ ಕಣ್ಣಿನ ಬೇರು ಜರ್ಮನಿಯ ವಾಲ್ಟರ್ ನರ್ನ್‌ಸ್ಟರ ಪ್ರಯೋಗಶಾಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಜಿರ್ಕೋನಿಯಂ ಆಕ್ಸೈಡಿಗೆ ಇಟ್ರಿಯಂ ಆಕ್ಸೈಡ್ ಬೆರೆಸಿದ ಪಿಂಗಾಣಿಯ ಕಡ್ಡಿಗಳನ್ನು ಕಾಯಿಸಿ ದೀಪ ಮಾಡಿದರು. ತಣ್ಣಗಿದ್ದಾಗ ವಿದ್ಯುತ್ತನ್ನು ಹರಿಯಗೊಡದ ಈ ವಸ್ತು ಕಾದೊಡನೆ ಹರಿಯಬಿಡುತ್ತದೆ. ಹರಿಯುವುದು ಎಲೆಕ್ಟ್ರಾನುಗಳಲ್ಲ, ಆಮ್ಲಜನಕದ ಅಯಾನುಗಳು. ನಾಲ್ಕು ಧನಾವೇಶದ ಜಿರ್ಕೋನಿಯಂ ಇರಬೇಕಾದ ಜಾಗದಲ್ಲಿ ಮೂರೇ ಆವೇಶದ ಇಟ್ರಿಯಂ ಕೂತಾಗ ಲೆಕ್ಕ ಸರಿದೂಗಲು ಹರಳಿನಲ್ಲಿ ಅಲ್ಲಲ್ಲಿ ಆಮ್ಲಜನಕದ ಸ್ಥಾನಗಳು ಖಾಲಿ ಉಳಿಯುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅಯಾನುಗಳು ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುತ್ತವೆ.

ಹಳೆಯ ಮಾದರಿಯ ಸಂವೇದಕ ಒಂದು ತುದಿ ಮುಚ್ಚಿದ ಜಿರ್ಕೋನಿಯಾ ನಳಿಕೆ. ಒಳಗೂ ಹೊರಗೂ ಪ್ಲಾಟಿನಂನ ಸರಂಧ್ರ ಲೇಪ. ಹೊರಮೈ ಹೊಗೆಯಲ್ಲಿ ಮುಳುಗಿರುತ್ತದೆ, ಒಳಗೆ ಹೊರಗಿನ ಗಾಳಿ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ಹೊಗೆಯಲ್ಲಿ ಅದು ಕಡಿಮೆಯಿದ್ದಷ್ಟೂ ಅಯಾನುಗಳು ಆ ಕಡೆಗೆ ಒತ್ತುತ್ತವೆ. ಆ ಒತ್ತಡ ಎರಡು ಲೇಪಗಳ ನಡುವೆ ವೋಲ್ಟೇಜಾಗಿ ಕಾಣುತ್ತದೆ. ಎಷ್ಟು ವೋಲ್ಟೇಜು ಎಂಬುದಕ್ಕೆ ನರ್ನ್‌ಸ್ಟ್ ಸಮೀಕರಣವಿದೆ: ಎರಡು ಕಡೆಯ ಆಮ್ಲಜನಕದ ಒತ್ತಡಗಳ ಅನುಪಾತದ ಲಾಗರಿತಮ್‌ಗೆ ಅದು ಅನುಗುಣ.

ಲೆಕ್ಕ ಹಾಕಿ ನೋಡಿದರೆ ಇದರ ಸೊಗಸು ತಿಳಿಯುತ್ತದೆ. 700 ಡಿಗ್ರಿಯಲ್ಲಿ, ಹೊಗೆಯಲ್ಲಿ ಶೇಕಡ 1 ಆಮ್ಲಜನಕ ಉಳಿದಿರುವ ಲೀನ್ ಸ್ಥಿತಿಯಲ್ಲಿ, ಬರುವುದು 0.06 ವೋಲ್ಟು. ಮಿಶ್ರಣ ಸ್ವಲ್ಪ ರಿಚ್ ಆದೊಡನೆ ಅದು ಸುಮಾರು 0.9 ವೋಲ್ಟಿಗೆ ಜಿಗಿಯುತ್ತದೆ. ಈ 0.9ಕ್ಕೆ ಅರ್ಥ, ಹೊಗೆಯ ಬದಿಯ ಆಮ್ಲಜನಕದ ಒತ್ತಡ ಗಾಳಿಯದಕ್ಕಿಂತ ಹತ್ತರ ಹದಿನೆಂಟನೆಯ ಘಾತಕ್ಕೂ ಹೆಚ್ಚು ಪಟ್ಟು ಕಡಿಮೆ ಎಂದು. ಲ್ಯಾಂಬ್ಡಾ 1ರ ಎರಡು ಬದಿಗಳ ನಡುವೆ ಇಂಥ ಪ್ರಪಾತವಿರುವುದರಿಂದಲೇ ವೋಲ್ಟೇಜು ಮೆಲ್ಲಗೆ ಏರದೆ ಸ್ವಿಚ್ಚಿನಂತೆ ಹಾರುತ್ತದೆ. ಹೊರಮೈಯ ಪ್ಲಾಟಿನಂ ಬರಿಯ ತಂತಿಯ ಕೆಲಸ ಮಾಡುವುದಿಲ್ಲ. ಅದೂ ಒಂದು ವೇಗವರ್ಧಕ. ತನ್ನ ಬಳಿ ಬಂದ ಅಳಿದುಳಿದ ಆಮ್ಲಜನಕ ಮತ್ತು ಮಾನಾಕ್ಸೈಡನ್ನು ಅಲ್ಲೇ ಕೂಡಿಸಿ, ಲೆಕ್ಕ ಪೂರ್ತಿ ಮುಗಿದ ಮೇಲೆ ಯಾವುದು ಮಿಕ್ಕಿತು ಎಂಬುದನ್ನು ತೋರಿಸುತ್ತದೆ. ಲೇಪ ಹಾಳಾದರೆ ಜಿಗಿತ ಮಂದವಾಗುತ್ತದೆ.

ಎಂಜಿನ್ ಕಂಪ್ಯೂಟರಿನ ನಿಯಮ ಸರಳ. 0.45 ವೋಲ್ಟಿಗಿಂತ ಹೆಚ್ಚಿದ್ದರೆ ರಿಚ್: ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಸ್ವಲ್ಪ ತಗ್ಗಿಸು. ಕಡಿಮೆಯಿದ್ದರೆ ಲೀನ್: ಸ್ವಲ್ಪ ಹೆಚ್ಚಿಸು. ಸಂವೇದಕ ಎಷ್ಟು ತಪ್ಪಾಗಿದೆ ಎಂದು ಹೇಳುವುದಿಲ್ಲ, ಯಾವ ಕಡೆಗೆ ಎಂದಷ್ಟೇ ಹೇಳುತ್ತದೆ. ಸಿಲಿಂಡರಿನಿಂದ ಹೊಗೆ ಸಂವೇದಕದವರೆಗೆ ಬರಲು ಸ್ವಲ್ಪ ಹೊತ್ತು ಬೇಕಾದ್ದರಿಂದ ತಿದ್ದುಪಡಿ ಯಾವಾಗಲೂ ಒಂದಿಷ್ಟು ಅತಿಯಾಗಿ, ಮಿಶ್ರಣ ರಿಚ್‌ಗೂ ಲೀನ್‌ಗೂ ನಡುವೆ ಸೆಕೆಂಡಿಗೆ ಒಂದೆರಡು ಬಾರಿ ಓಲಾಡುತ್ತಿರುತ್ತದೆ. ಸ್ಕ್ಯಾನರಿನ ಪರದೆಯಲ್ಲಿ ಈ ಅಲೆ ಕಂಡರೆ ವ್ಯವಸ್ಥೆ ಆರೋಗ್ಯವಾಗಿದೆ ಎಂದರ್ಥ. ನೇರ ಗೆರೆ ಕಂಡರೆ ಚಿಂತೆ ಮಾಡಬೇಕು.

ಬಾಷ್ ಕಂಪನಿ ಇಂಥ ಸಂವೇದಕದ ತಯಾರಿಕೆಯನ್ನು 1976ರಲ್ಲಿ ಆರಂಭಿಸಿತು. ಅದೂ ತ್ರಿಮುಖ ಪರಿವರ್ತಕವೂ ಜೊತೆಯಾಗಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾಕ್ಕೆಂದು ಸ್ವೀಡನ್ನಿನ ವೋಲ್ವೊ ತಯಾರಿಸಿದ 1977ರ ಮಾದರಿಯ 240 ಸರಣಿಯ ಕಾರುಗಳಲ್ಲಿ. ಲ್ಯಾಂಬ್ಡಾ ಸೋಂಡ್ ಎಂಬ ಬಿಲ್ಲೆಯನ್ನು ಆ ಕಾರುಗಳ ಮುಂಭಾಗದ ಜಾಲರಿಯ ಮೇಲೆ ಹೆಮ್ಮೆಯಿಂದ ಅಂಟಿಸಿದ್ದರು. ಒಂದು ಸಂವೇದಕದ ಹೆಸರಿಗೆ ಇಂಥ ಮರ್ಯಾದೆ ಆಮೇಲೆ ಸಿಕ್ಕಂತಿಲ್ಲ.

ಮುಂದಿನ ಸುಧಾರಣೆಗಳು ಎರಡು. ಹೊಗೆಯ ಶಾಖಕ್ಕಾಗಿ ಕಾಯದೆ ತಾನೇ ಕಾಯುವಂತೆ ಒಳಗೆ ಹೀಟರ್ ಇಟ್ಟ ಸಂವೇದಕ 1982ರಲ್ಲಿ ಬಂತು. ಈಗಿನ ನಾಲ್ಕು ತಂತಿಗಳಲ್ಲಿ ಎರಡು ಹೀಟರಿನವು. 1990ರ ದಶಕದಲ್ಲಿ ಬಂದ ವೈಡ್‌ಬ್ಯಾಂಡ್ ಸಂವೇದಕ ಜಿರ್ಕೋನಿಯಾದ ಗುಣವನ್ನು ತಿರುಗುಮುರುಗಾಗಿಯೂ ಬಳಸುತ್ತದೆ: ವೋಲ್ಟೇಜು ಕೊಟ್ಟರೆ ಅದೇ ಪಿಂಗಾಣಿ ಆಮ್ಲಜನಕವನ್ನು ಪಂಪ್ ಮಾಡುತ್ತದೆ. ಪುಟ್ಟ ಕೋಣೆಯೊಂದರೊಳಗಿನ ಮಿಶ್ರಣವನ್ನು ಸದಾ ಲ್ಯಾಂಬ್ಡಾ 1ರಲ್ಲಿ ಇರಿಸಲು ಎಷ್ಟು ವಿದ್ಯುತ್ ಹರಿಸಬೇಕಾಯಿತು ಎಂಬುದರಿಂದ ನಿಜವಾದ ಅನುಪಾತವೇ ಸಿಗುತ್ತದೆ. ಯಾವ ಕಡೆ ಎಂಬುದರ ಜೊತೆಗೆ ಎಷ್ಟು ಎಂಬುದೂ ಗೊತ್ತಾಗುವುದರಿಂದ ಓಲಾಟ ಕಿರಿದಾಗುತ್ತದೆ.

ಡಬ್ಬಿಯ ಒಳಗೆ

ಪರಿವರ್ತಕವನ್ನು ಕೊಯ್ದು ನೋಡಿದರೆ ಕಾಣುವುದು ಜೇನುಹಟ್ಟಿನಂಥ ಪಿಂಗಾಣಿ ಇಟ್ಟಿಗೆ. ಮೆಗ್ನೀಷಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಆಕ್ಸೈಡುಗಳ ಕಾರ್ಡಿಯರೈಟ್ ಎಂಬ ಈ ಪಿಂಗಾಣಿಯನ್ನು ಕಾರ್ನಿಂಗ್ ಕಂಪನಿಯ ರಾಡ್ನಿ ಬ್ಯಾಗ್ಲಿ, ಅರ್ವಿನ್ ಲಾಕ್‌ಮನ್ ಮತ್ತು ರೊನಾಲ್ಡ್ ಲೂಯಿಸ್ 1970ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ಒಗ್ಗಿಸಿದರು. ಕಾದಾಗ ಅದು ಹಿಗ್ಗುವುದು ತೀರ ಕಡಿಮೆ. ಮಳೆನೀರು ರಾಚಿದರೂ ಸಾಮಾನ್ಯವಾಗಿ ಬಿರಿಯುವುದಿಲ್ಲ. ಒಂದು ಚದರ ಅಂಗುಲಕ್ಕೆ ಸುಮಾರು 400 ಕಿಂಡಿಗಳು, ನಡುವಿನ ಗೋಡೆಗಳು ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ದಪ್ಪ. ಗೋಡೆಗಳ ಮೇಲೆ ಅಲ್ಯೂಮಿನಾದ ಲೇಪ. ಬರಿಗಣ್ಣಿಗೆ ಸುಣ್ಣ ಬಳಿದಂತೆ ಕಂಡರೂ ಅದರ ಒಂದು ಗ್ರಾಮಿನ ಒಳಮೈ ನೂರು ಚದರ ಮೀಟರಿಗೂ ಹೆಚ್ಚು. ಆ ವಿಶಾಲ ಮೈದಾನದಲ್ಲಿ ಅಮೂಲ್ಯ ಲೋಹಗಳ ನ್ಯಾನೋ ಗಾತ್ರದ ಕಣಗಳು ಚೆಲ್ಲಿರುತ್ತವೆ. ಇಡೀ ಕಾರಿಗೆ ಬೇಕಾಗುವುದು ಕೆಲವೇ ಗ್ರಾಮು ಲೋಹ.

ಲೇಪದಲ್ಲಿ ಸೀರಿಯಂ ಆಕ್ಸೈಡ್ ಅರ್ಥಾತ್ ಸೀರಿಯಾ ಕೂಡ ಇರುತ್ತದೆ, ಸಾಮಾನ್ಯವಾಗಿ ಜಿರ್ಕೋನಿಯಾದ ಜೊತೆ. ಸಂವೇದಕದಿಂದಾಗಿ ಹೊಗೆ ರಿಚ್-ಲೀನ್ ಎಂದು ಓಲಾಡುವುದನ್ನು ನೋಡಿದೆವಷ್ಟೇ. ಲೀನ್ ಗಳಿಗೆಯಲ್ಲಿ ಸೀರಿಯಾ ಹೆಚ್ಚುವರಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ರಿಚ್ ಗಳಿಗೆಯಲ್ಲಿ ಬಿಟ್ಟುಕೊಡುತ್ತದೆ. ಓಲಾಟದ ಅಂಚುಗಳು ಹೀಗೆ ಸಮವಾಗಿ, ಕಿರಿದಾದ ಕಿಟಕಿ ಒಂದಿಷ್ಟು ಅಗಲವಾಗುತ್ತದೆ. ಸಂವೇದಕದ ದೋಷವೆನಿಸಬಹುದಾಗಿದ್ದ ಓಲಾಟವೇ ಸೀರಿಯಾದ ಉಸಿರಾಟವಾಗಿ ಒದಗಿತು.

ಇಷ್ಟೆಲ್ಲ ಇದ್ದರೂ ತಣ್ಣಗಿರುವ ಪರಿವರ್ತಕ ನಿಷ್ಕ್ರಿಯ. 250ರಿಂದ 300 ಡಿಗ್ರಿಯ ಆಸುಪಾಸಿನಲ್ಲಿ ಅದು ಇದ್ದಕ್ಕಿದ್ದಂತೆ ಚುರುಕಾಗುತ್ತದೆ. ಇದಕ್ಕೆ ಲೈಟ್-ಆಫ್ ಎನ್ನುತ್ತಾರೆ. ಹೀಗೇಕೆ ಎಂಬುದಕ್ಕೆ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1922ರಲ್ಲೇ ಪ್ಲಾಟಿನಂ ಕುರಿತು ಬರೆದ ಪ್ರಬಂಧದಲ್ಲಿ ಉತ್ತರವಿತ್ತು. ಅದನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದವರಲ್ಲಿ ಪ್ರಮುಖರಾದ ಗೆರ್‌ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಬಹುಮಾನ ಬಂತು. ಮಾನಾಕ್ಸೈಡಿನ ಅಣುವಿಗೆ ಪ್ಲಾಟಿನಂ ಮೇಲೆ ಒಂದೇ ಜಾಗ ಸಾಕು. ಆಮ್ಲಜನಕದ ಅಣು ಎರಡಾಗಿ ಒಡೆಯಬೇಕಾದ್ದರಿಂದ ಅದಕ್ಕೆ ಪಕ್ಕಪಕ್ಕದ ಎರಡು ಖಾಲಿ ಜಾಗ ಬೇಕು. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಂತೆ ಮಾನಾಕ್ಸೈಡ್ ಮೊದಲೇ ಎಲ್ಲ ಜಾಗವನ್ನೂ ಆಕ್ರಮಿಸಿರುತ್ತದೆ. ಬಿಸಿ ಏರಿದ ಮೇಲಷ್ಟೇ ಕೆಲವು ಅಣುಗಳು ಎದ್ದುಹೋಗಿ ಆಮ್ಲಜನಕಕ್ಕೆ ಎಡೆಯಾಗುತ್ತದೆ. ಒಮ್ಮೆ ಕ್ರಿಯೆ ಆರಂಭವಾದರೆ ಅದರ ಶಾಖವೇ ಉಳಿದುದನ್ನು ಎಬ್ಬಿಸುತ್ತದೆ. ಆಧುನಿಕ ಕಾರಿನ ಒಂದು ಪ್ರಯಾಣದ ವಿಷದಲ್ಲಿ ದೊಡ್ಡ ಪಾಲು ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷದಲ್ಲೇ ಹೊರಬೀಳುವುದು ಈ ಕಾರಣಕ್ಕೆ. ಪರಿವರ್ತಕವನ್ನು ಕಾರಿನ ಹೊಟ್ಟೆಯಡಿಯಿಂದ ಎಂಜಿನ್ನಿನ ಮಗ್ಗುಲಿಗೇ ತಂದದ್ದೂ, ಚಾಲೂ ಮಾಡಿದಾಗ ಕಿಡಿಯನ್ನು ಬೇಕೆಂದೇ ತಡವಾಗಿ ಹೊತ್ತಿಸಿ ಬಿಸಿ ಹೊಗೆಯನ್ನು ಕೊಳವೆಗೆ ಕಳಿಸುವುದೂ ಇದರಿಂದಾಗಿಯೇ.

ಬೆಂಗಳೂರಿಗೂ ಈ ರಸಾಯನಕ್ಕೂ ನೇರವಾದ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಅವರು ಬೆಳೆಸಿದ ದ್ರಾವಣ ದಹನ ವಿಧಾನದಲ್ಲಿ ಲೋಹದ ನೈಟ್ರೇಟುಗಳನ್ನು ತಕ್ಕ ಇಂಧನದೊಂದಿಗೆ ನೀರಿನಲ್ಲಿ ಕರಗಿಸಿ ಕಾಯಿಸಿದರೆ ಅದು ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ಸಿಗುತ್ತದೆ. ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡಗಳು ಇದೇ ದಾರಿಯಲ್ಲಿ ಪಲೇಡಿಯಂ, ಪ್ಲಾಟಿನಂಗಳನ್ನು ಸೀರಿಯಾದ ಮೇಲೆ ಕಣಗಳಾಗಿ ಕೂರಿಸುವ ಬದಲು ಅದರ ಹರಳಿನೊಳಗೇ ಅಯಾನುಗಳಾಗಿ ಸೇರಿಸಿದವು. ಶೇಕಡ ಒಂದೆರಡರಷ್ಟು ಲೋಹದಿಂದಲೇ ಮೂರೂ ಕ್ರಿಯೆಗಳು ಕಡಿಮೆ ಉಷ್ಣದಲ್ಲಿ ನಡೆದವು. ಕಣಗಳೇ ಇಲ್ಲದ ಮೇಲೆ ಅವು ಬಿಸಿಗೆ ಒಂದಕ್ಕೊಂದು ಅಂಟಿ ದೊಡ್ಡದಾಗಿ ಸೊರಗುವ ಮಾತೂ ಇಲ್ಲ. ಈ ಕುರಿತು ಅವರು ಮೂವರೂ ಸೇರಿ 2009ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನ ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವಂಥದು.

ಕಾವಲಿಗೊಂದು ಎರಡನೆಯ ಸಂವೇದಕ

ಪರಿವರ್ತಕ ಸತ್ತರೆ ಚಾಲಕನಿಗೆ ತಿಳಿಯುವುದಿಲ್ಲ. ಕಾರು ಮೊದಲಿನಂತೆಯೇ ಓಡುತ್ತದೆ. ಹೀಗಾಗಿ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ಎಂಬ ಸ್ವಯಂ ತಪಾಸಣೆ ವ್ಯವಸ್ಥೆ ಪರಿವರ್ತಕದ ಆಚೆಗೆ ಎರಡನೆಯ ಸಂವೇದಕವನ್ನು ತಂದಿತು. ಮುಂದಿನ ಸಂವೇದಕ ಓಲಾಡುತ್ತಿದ್ದರೂ, ಸೀರಿಯಾ ಆಮ್ಲಜನಕವನ್ನು ಹಿಡಿದು ಬಿಡುತ್ತಿದ್ದರೆ ಹಿಂದಿನದು 0.6-0.7 ವೋಲ್ಟಿನ ಹತ್ತಿರ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಸೀರಿಯಾ ಸೋತಿದೆ. ಕಂಪ್ಯೂಟರ್ ಚೆಕ್ ಎಂಜಿನ್ ದೀಪ ಹಚ್ಚಿ ಪಿ 0420 ಎಂಬ ಸಂಕೇತವನ್ನು ಬರೆದಿಡುತ್ತದೆ. ಇಲ್ಲಿ ಅಳೆಯುವುದು ವಿಷವನ್ನಲ್ಲ, ಆಮ್ಲಜನಕ ಹಿಡಿದಿಡುವ ಶಕ್ತಿಯನ್ನು. ಅದರಿಂದ ಉಳಿದದ್ದನ್ನು ಊಹಿಸುತ್ತಾರೆ.

ಸಂಕೇತ ಓದಿದ ಕೂಡಲೇ ಬಿಡಿಭಾಗ ಬದಲಿಸುವುದು ಗ್ಯಾರೇಜುಗಳ ಸಾಮಾನ್ಯ ಚಾಳಿ, ಮತ್ತು ದುಬಾರಿ ಚಾಳಿ. ಸಂವೇದಕಕ್ಕೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. ಒಂದು ಸಿಲಿಂಡರಿನಲ್ಲಿ ಸ್ಪಾರ್ಕ್ ಪ್ಲಗ್ ಕೈಕೊಟ್ಟರೆ ಉರಿಯದ ಪೆಟ್ರೋಲ್ ಮತ್ತು ಬಳಕೆಯಾಗದ ಗಾಳಿ ಎರಡೂ ಕೊಳವೆಗೆ ಬರುತ್ತವೆ. ಸಂವೇದಕ ಅಲ್ಲಿಯ ಆಮ್ಲಜನಕವನ್ನು ನೋಡಿ ಲೀನ್ ಎನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಅದೆಲ್ಲ ಪರಿವರ್ತಕದಲ್ಲಿ ಹೋಗಿ ಉರಿದು, ಉಷ್ಣ ಸಾವಿರ ಡಿಗ್ರಿಯನ್ನೂ ಮೀರಿ ಪಿಂಗಾಣಿಯೇ ಕರಗಬಹುದು. ಕೆಲವು ನೂರು ರೂಪಾಯಿಯ ಪ್ಲಗ್ ಬದಲಿಸದೆ ಹತ್ತಾರು ಸಾವಿರದ ಪರಿವರ್ತಕ ಕಳೆದುಕೊಳ್ಳುವ ದಾರಿ ಇದು. ಎಂಜಿನ್ನಿಗೂ ಸಂವೇದಕಕ್ಕೂ ನಡುವೆ ಕೊಳವೆಯ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ನುಗ್ಗಿದರೂ ಅದೇ ಸುಳ್ಳು ವರದಿ.

ವಿಷಪ್ರಾಶನದ ದಾರಿಗಳೂ ಹಲವು. ಎಂಜಿನ್ ಆಯಿಲ್ ಉರಿದರೆ ಅದರಲ್ಲಿನ ರಂಜಕ ವೇಗವರ್ಧಕವನ್ನು ಮುಚ್ಚುತ್ತದೆ. ಗ್ಯಾಸ್ಕೆಟ್ ಅಂಟಿಸಲು ಬಳಸುವ ಕೆಲವು ಸಿಲಿಕೋನ್ ಅಂಟುಗಳ ಆವಿ ಸಂವೇದಕದ ಮೇಲೆ ಗಾಜಿನಂಥ ಪದರವಾಗುತ್ತದೆ. ಗಂಧಕದ ಪೆಟ್ಟು ತಾತ್ಕಾಲಿಕ. ಅದು ರಿಚ್ ಸ್ಥಿತಿಯಲ್ಲಿ ಹೈಡ್ರೋಜನ್ ಸಲ್ಫೈಡಾಗಿ ಹೊರಬಂದು ಕೊಳೆತ ಮೊಟ್ಟೆಯ ನಾತ ಬೀರುತ್ತದೆ. ಅನೇಕ ಸಂವೇದಕಗಳು ಹೋಲಿಕೆಗೆ ಬೇಕಾದ ಗಾಳಿಯನ್ನು ತಮ್ಮ ತಂತಿಗಳ ಎಳೆಗಳ ನಡುವಿನ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಆದ್ದರಿಂದ ಒಳ್ಳೆಯದಾಗಲೆಂದು ಅದರ ಕನೆಕ್ಟರಿಗೆ ಗ್ರೀಸ್ ತುಂಬುವುದು ಅದರ ಮೂಗು ಮುಚ್ಚಿದಂತೆಯೇ ಸರಿ. ಕರ್ನಾಟಕದ ಹಳ್ಳಿ ರಸ್ತೆಗಳಲ್ಲಿ ಇನ್ನೊಂದು ಅಪಾಯವಿದೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ಹರಡಿದ ಹುರುಳಿ, ರಾಗಿ ಹುಲ್ಲು ಕಾರಿನಡಿ ಸುತ್ತಿಕೊಂಡರೆ ಹೊಗೆಕೊಳವೆ ಮತ್ತು ಪರಿವರ್ತಕದ ಶಾಖಕ್ಕೆ ಹೊತ್ತಿಕೊಳ್ಳಬಹುದು.

ಭಾರತದಲ್ಲಿ

ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರ ಏಪ್ರಿಲ್‌ನಿಂದ ಪರಿವರ್ತಕ ಕಡ್ಡಾಯವಾಯಿತು, ಜೊತೆಗೆ ಅಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ದೇಶದ ಉಳಿದೆಡೆ ಸೀಸದ ಪೆಟ್ರೋಲೇ ಇದ್ದುದರಿಂದ ಊರು ಬಿಟ್ಟು ಹೊರಟ ಕಾರು ದಾರಿಯಲ್ಲಿ ಟ್ಯಾಂಕ್ ತುಂಬಿಸಿದರೆ ಪರಿವರ್ತಕದ ಕಥೆ ಮುಗಿಯುವ ಸಂಭವವಿತ್ತು. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ನಿಂತ ಮೇಲಷ್ಟೇ ನಿಯಮಕ್ಕೆ ಅರ್ಥ ಬಂತು. ಪೆಟ್ರೋಲಿನ ಗಂಧಕ ಹೊಗೆ ನಿಯಮಗಳ ಹಂತವಾದ ಭಾರತ್ ಸ್ಟೇಜ್ 4ರಲ್ಲಿ (ಬಿಎಸ್ 4) ಹತ್ತು ಲಕ್ಷಕ್ಕೆ 50 ಭಾಗಕ್ಕೂ, 2020ರ ಏಪ್ರಿಲ್‌ನ ಭಾರತ್ ಸ್ಟೇಜ್ 6ರಲ್ಲಿ 10 ಭಾಗಕ್ಕೂ ಇಳಿಯಿತು. ಬಿಎಸ್ 6ರೊಂದಿಗೆ ಬೈಕು, ಸ್ಕೂಟರುಗಳಿಂದಲೂ ಕಾರ್ಬ್ಯುರೇಟರ್ ಬಹುತೇಕ ಮರೆಯಾಗಿ ಫ್ಯೂಯಲ್ ಇಂಜೆಕ್ಷನ್ ಮತ್ತು ಆಮ್ಲಜನಕ ಸಂವೇದಕ ಬಂದವು. ಭಾರತದ ಮಟ್ಟಿಗೆ ಇದು ಕಾರುಗಳಲ್ಲಾದ ಬದಲಾವಣೆಗಿಂತ ದೊಡ್ಡದು, ಯಾಕೆಂದರೆ ನಮ್ಮ ರಸ್ತೆಗಳನ್ನು ತುಂಬಿರುವುದು ದ್ವಿಚಕ್ರಗಳು.

ಬಿಎಸ್ 4 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳ ಎಮಿಷನ್ ಟೆಸ್ಟ್ ನಿಯಮದಲ್ಲಿ, ಎಂಜಿನ್ ನಿಮಿಷಕ್ಕೆ 2,500 ಸುತ್ತಿನ ಆಸುಪಾಸಿನಲ್ಲಿ ಓಡುವಾಗ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕೆಂಬ ಷರತ್ತಿದೆ. ಹೊಗೆಯ ಅಳತೆಗಿಂತ ಇದು ಸಂವೇದಕದ ಪರೀಕ್ಷೆಯೇ.

ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಸಂವೇದಕಕ್ಕೆ ಹೊಸ ಹೊಣೆ ಹೊರಿಸಿದೆ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊತ್ತಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಿಲೋಗೆ 9 ಕಿಲೋ ಮಾತ್ರ; ಇ20ಕ್ಕೆ ಆದರ್ಶ ಅನುಪಾತ ಸುಮಾರು 13.5. ಸಂವೇದಕ ನೋಡುವುದು ಉರಿದ ಮೇಲೆ ಏನು ಮಿಕ್ಕಿತೆಂಬುದನ್ನಾದ್ದರಿಂದ ಇಂಧನ ಯಾವುದಾದರೂ ಅದರ 0.45 ವೋಲ್ಟಿನ ಗೆರೆ ಬದಲಾಗುವುದಿಲ್ಲ. ಲೀನ್ ಎಂಬ ವರದಿ ಬಂದಾಗ ಕಂಪ್ಯೂಟರ್ ಇಂಧನ ಹೆಚ್ಚಿಸಿ ಸರಿದೂಗಿಸುತ್ತದೆ. ಬ್ರೆಜಿಲ್‌ನ ಫ್ಲೆಕ್ಸ್ ಕಾರುಗಳು 2003ರಿಂದ ಟ್ಯಾಂಕಿನಲ್ಲಿ ಎಷ್ಟು ಎಥನಾಲ್ ಇದೆಯೆಂಬುದನ್ನೂ ಈ ಸಂವೇದಕದಿಂದಲೇ ಲೆಕ್ಕ ಹಾಕುತ್ತ ಬಂದಿವೆ. ಹಳೆಯ ಕಾರುಗಳ ರಬ್ಬರ್ ಕೊಳವೆಗಳ ಮೇಲೆ ಎಥನಾಲ್ ಮಾಡುವ ಪರಿಣಾಮ ಬೇರೆಯೇ ಚರ್ಚೆ. ಕಾರ್ಬ್ಯುರೇಟರಿನ ಹಳೆಯ ಬೈಕಿಗಂತೂ ತಿದ್ದುವ ಕಣ್ಣೇ ಇಲ್ಲ.

ಮಿತಿಗಳು

ಡೀಸೆಲ್ ಎಂಜಿನ್ ಯಾವಾಗಲೂ ಹೆಚ್ಚುವರಿ ಗಾಳಿಯಲ್ಲಿ ಉರಿಸುವುದರಿಂದ ಅದರ ಹೊಗೆಯಲ್ಲಿ ತ್ರಿಮುಖ ವಿಧಾನ ನಡೆಯುವುದಿಲ್ಲ. ಅಲ್ಲಿ ಉತ್ಕರ್ಷಣ ವೇಗವರ್ಧಕ, ಮಸಿ ಹಿಡಿಯುವ ಫಿಲ್ಟರ್, ಸಾರಜನಕದ ಆಕ್ಸೈಡಿಗೆಂದು ಯೂರಿಯಾ ದ್ರಾವಣ ಚಿಮುಕಿಸುವ ಪ್ರತ್ಯೇಕ ಘಟಕ ಎಲ್ಲ ಬೇಕು. 2015ರಲ್ಲಿ ಬಯಲಾದ ಫೋಕ್ಸ್‌ವಾಗನ್ ಹಗರಣ ಈ ಕಷ್ಟವನ್ನು ತಂತ್ರಾಂಶದ ಮೋಸದಿಂದ ದಾಟಲು ಹೋದದ್ದರ ಫಲ. ಪೆಟ್ರೋಲಿನ ಪರಿವರ್ತಕವೂ ಇಂಗಾಲದ ಡೈಆಕ್ಸೈಡನ್ನು ತಡೆಯುವುದಿಲ್ಲ. ಮಾನಾಕ್ಸೈಡನ್ನು ಅದಾಗಿಯೇ ಬದಲಿಸುತ್ತದೆ. ಜೊತೆಗೆ ಸ್ವಲ್ಪ ನೈಟ್ರಸ್ ಆಕ್ಸೈಡ್, ಸ್ವಲ್ಪ ಅಮೋನಿಯಾವನ್ನು ತಾನೇ ಹುಟ್ಟಿಸುತ್ತದೆ.

ಲೋಹಗಳ ನೆಲೆಯೂ ಕಿರಿದು. ಪ್ಲಾಟಿನಂ ಮತ್ತು ರೋಡಿಯಂನ ಬಹುಪಾಲು ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಶಿಲಾಸ್ತೋಮದಿಂದ, ಪಲೇಡಿಯಂನ ದೊಡ್ಡ ಪಾಲು ರಷ್ಯಾದ ನೊರಿಲ್‌ಸ್ಕ್‌ನಿಂದ ಬರುತ್ತವೆ. ಕರ್ನಾಟಕದಲ್ಲಿ ಚನ್ನಗಿರಿ ಬಳಿಯ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಕುರುಹು ಸಿಕ್ಕಿ ಭೂವಿಜ್ಞಾನಿಗಳು ಅಧ್ಯಯನ ನಡೆಸಿದ್ದಾರೆ. ರೋಡಿಯಂ ಬೆಲೆ 2021ರಲ್ಲಿ ಔನ್ಸಿಗೆ 20,000 ಡಾಲರನ್ನೂ ಮೀರಿದಾಗ ಅಮೆರಿಕ, ಬ್ರಿಟನ್ನುಗಳಲ್ಲಿ ನಿಲ್ಲಿಸಿದ ಕಾರಿನಡಿ ನುಸುಳಿ ಪರಿವರ್ತಕವನ್ನು ಗರಗಸದಿಂದ ಕೊಯ್ದೊಯ್ಯುವ ಕಳ್ಳತನ ಪಿಡುಗಾಯಿತು. ಕಳ್ಳರ ಕಣ್ಣು ಮುಖ್ಯವಾಗಿ ಹೈಬ್ರಿಡ್ ಕಾರುಗಳ ಮೇಲೆ: ಅವುಗಳ ಎಂಜಿನ್ ಆಗಾಗ ವಿರಮಿಸುವುದರಿಂದ ಪರಿವರ್ತಕ ಕಡಿಮೆ ಸವೆದಿರುತ್ತದೆ. ಹಳೆಯ ಪರಿವರ್ತಕಗಳನ್ನು ಪುಡಿಮಾಡಿ, ಕರಗಿಸಿ ಲೋಹಗಳನ್ನು ಮರಳಿ ಪಡೆಯುವುದು ಈಗ ಅವುಗಳ ಪೂರೈಕೆಯ ಗಣನೀಯ ಭಾಗ. ಗುಜರಿ ಅಂಗಡಿಯವರು ಪರಿವರ್ತಕವನ್ನು ಕಾರಿನ ಉಳಿದ ತಗಡಿನೊಂದಿಗೆ ತೂಕಕ್ಕೆ ಹಾಕದೆ ಬೇರೆಯಾಗಿ ಬೆಲೆ ಕಟ್ಟುವುದು ಇದರಿಂದಲೇ.